ವಿಮಾನ ಎಂಜಿನ್ನಿನ ಶೀತಕ ವ್ಯವಸ್ಥೆಯಲ್ಲಿ ಸಿಲುಕುವ ಗಾಳಿ: ತೆಗೆಯುವ ಕ್ರಮ ಮತ್ತು ಲೆಕ್ಕವಿಡುವ ಕ್ರಮ

ಬಾವಿಯ ದಡದ ಪಂಪ್‌ಸೆಟ್ ಸದ್ದು ಮಾಡುತ್ತಿದ್ದರೂ ನೀರು ಬಾರದಿದ್ದಾಗ ನಮ್ಮ ರೈತರು ‘ಏರ್ ಹಿಡಿದಿದೆ’ ಎನ್ನುತ್ತಾರೆ. ಪಂಪ್ ಕೆಟ್ಟಿರುವುದಿಲ್ಲ, ಮೋಟಾರು ಕೆಟ್ಟಿರುವುದಿಲ್ಲ, ಬಾವಿಯಲ್ಲಿ ನೀರೂ ಇರುತ್ತದೆ. ಕೊಳವೆಯೊಳಗೆ ನಿಂತ ಒಂದಿಷ್ಟು ಗಾಳಿ ಇಡೀ ವ್ಯವಸ್ಥೆಯನ್ನು ನಿರರ್ಥಕಗೊಳಿಸಿರುತ್ತದೆ. ಪಂಪಿನ ಮೇಲಿನ ಮುಚ್ಚಳ ತೆರೆದು, ಎರಡು ಕೊಡ ನೀರು ಸುರಿದು, ಗಾಳಿಯನ್ನು ಹೊರಗೆ ಕಳುಹಿಸಿದೊಡನೆ ನೀರು ಬರುತ್ತದೆ.

ದ್ರವದಿಂದ ತಂಪಾಗುವ ವಿಮಾನ ಎಂಜಿನ್ನಿನಲ್ಲಿಯೂ ಇದೇ ತೊಂದರೆ ಇದೆ. ಆದರೆ ಎರಡು ವ್ಯತ್ಯಾಸಗಳಿವೆ. ಮೊದಲನೆಯದು, ಪಂಪ್‌ಸೆಟ್ಟಿನಲ್ಲಿ ದೋಷ ಕೂಡಲೇ ಕಣ್ಣಿಗೆ ಕಾಣುತ್ತದೆ, ಎಂಜಿನ್ನಿನಲ್ಲಿ ಕಾಣುವುದಿಲ್ಲ. ಎರಡನೆಯದು, ರಸ್ತೆಯ ಮೇಲಿನ ವಾಹನವಾದರೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಬಹುದು. ಗಗನದಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಗಾಳಿಯನ್ನು ತೆಗೆಯುವುದಷ್ಟೇ ಅಲ್ಲದೆ, ಗಾಳಿ ಪೂರ್ಣವಾಗಿ ಹೋಗಿದೆಯೆಂದು ರುಜುವಾತುಪಡಿಸುವುದೂ ಇಲ್ಲಿ ಕೆಲಸದ ಭಾಗವಾಗಿದೆ. ಆ ರುಜುವಾತನ್ನು ಒದಗಿಸುವ ಸರಳ ಸಾಧನ ಅಳತೆಯ ಪಾತ್ರೆ ಮತ್ತು ಒಂದು ದಾಖಲೆ ಪುಸ್ತಕ ಎಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶವಾಗಿದೆ.

ನಮ್ಮ ಓದುಗರಿಗೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಎರಡು ಆಸನಗಳ ತರಬೇತಿ ವಿಮಾನ ‘ಹಂಸ-3’ರಲ್ಲಿ ಆಸ್ಟ್ರಿಯಾ ದೇಶದ ರೋಟ್ಯಾಕ್ಸ್ ಸಂಸ್ಥೆಯ 914 ಮಾದರಿಯ ಎಂಜಿನ್ ಇದೆ. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಪ್ರಥಮ ಹಾರಾಟ ನಡೆಸಿದ ‘ಹಂಸ-ಎನ್‌ಜಿ’ಯಲ್ಲಿ ಅದೇ ಕುಟುಂಬದ 912 ಐಎಸ್ ಎಂಜಿನ್ ಇದೆ. ಇವೆರಡೂ ದ್ರವದ ನೆರವಿನಿಂದ ತಂಪಾಗುವ ಎಂಜಿನ್‌ಗಳು. ಆದ್ದರಿಂದ ಇಲ್ಲಿ ರೋಟ್ಯಾಕ್ಸ್ 912 ಮತ್ತು 914 ಮಾದರಿಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಸಂಕ್ಷಿಪ್ತ ಹಿನ್ನೆಲೆ

ವಿಮಾನದ ಎಂಜಿನ್ನನ್ನು ದ್ರವದಿಂದ ತಂಪಾಗಿಸುವ ಪದ್ಧತಿ ವಿಮಾನದಷ್ಟೇ ಹಳೆಯದು. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಎಂಜಿನ್ ನೀರಿನಿಂದಲೇ ತಂಪಾಗುತ್ತಿತ್ತು. ಎರಡನೆಯ ಮಹಾಯುದ್ಧ ಕಾಲದ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನಲ್ಲಿ ಮೊದಲು ಶುದ್ಧ ಗ್ಲೈಕಾಲ್ ಬಳಸಲಾಗುತ್ತಿತ್ತು; ಅನಂತರ ಶೇಕಡಾ 70ರಷ್ಟು ನೀರು ಮತ್ತು ಶೇಕಡಾ 30ರಷ್ಟು ಗ್ಲೈಕಾಲ್ ಮಿಶ್ರಣವನ್ನು ಒತ್ತಡದಲ್ಲಿಟ್ಟು ಬಳಸುವ ವಿಧಾನ ಬಂದಿತು. ಆ ವಿಮಾನದ ಶೀತಕ ದ್ರವದ ತೊಟ್ಟಿ ಪ್ರೊಪೆಲರಿನ ಹಿಂಬದಿಯಲ್ಲಿಯೇ, ಎಂಜಿನ್ನಿನ ಮುಂಭಾಗದ ಮೇಲ್ಗಡೆ ಇತ್ತು. ತೊಟ್ಟಿಯನ್ನು ಮೇಲಿಡುವ ಕಾರಣ ಅಂದಿಗೂ ಇಂದಿಗೂ ಒಂದೇ: ಗಾಳಿ ಮೇಲಕ್ಕೇರುತ್ತದೆ, ಅದು ಏರಿ ಸೇರುವ ಜಾಗ ಎಂಜಿನ್ನಿನ ಒಳಗಿರದೆ ಹೊರಗಿರಬೇಕು.

ವ್ಯವಸ್ಥೆಯ ರಚನೆ

ರೋಟ್ಯಾಕ್ಸ್ 912 ಮತ್ತು 914 ಎಂಜಿನ್‌ಗಳಲ್ಲಿ ಎದುರುಬದುರಾಗಿ ಮಲಗಿಸಿದ ನಾಲ್ಕು ಸಿಲಿಂಡರ್‌ಗಳಿವೆ. ಸಿಲಿಂಡರಿನ ಕೊಳವೆಭಾಗ ಎದುರಿನಿಂದ ಬೀಸುವ ಗಾಳಿಯಿಂದ ತಂಪಾದರೆ, ಸಿಲಿಂಡರ್ ಹೆಡ್ ದ್ರವದಿಂದ ತಂಪಾಗುತ್ತದೆ. ಅತ್ಯಧಿಕ ಶಾಖ ಹುಟ್ಟುವುದು ಹೆಡ್‌ನಲ್ಲಿ, ಅದರಲ್ಲಿಯೂ ಎಕ್ಸಾಸ್ಟ್ ವಾಲ್ವಿನ ಸುತ್ತ. ಆದುದರಿಂದ ದ್ರವದ ಹೊಣೆ ಆ ಭಾಗಕ್ಕೆ ಸೀಮಿತವಾಗಿದೆ.

ದ್ರವ ಸಾಗುವ ದಾರಿ ಹೀಗಿದೆ. ರೇಡಿಯೇಟರಿನಲ್ಲಿ ತಂಪಾದ ದ್ರವ ಎಂಜಿನ್ನಿನ ಹಿಂಭಾಗದಲ್ಲಿರುವ ಪಂಪಿಗೆ ಬರುತ್ತದೆ. ಪಂಪಿನಿಂದ ನಾಲ್ಕು ಪ್ರತ್ಯೇಕ ಹೋಸ್‌ಗಳ ಮೂಲಕ ನಾಲ್ಕು ಹೆಡ್‌ಗಳನ್ನು ಕೆಳಗಿನಿಂದ ಪ್ರವೇಶಿಸುತ್ತದೆ. ಹೆಡ್‌ಗಳ ಮೇಲ್ಭಾಗದಿಂದ ಹೊರಬಂದು ಎಂಜಿನ್ನಿನ ನೆತ್ತಿಯ ಮೇಲಿರುವ ಎಕ್ಸ್‌ಪ್ಯಾನ್ಷನ್ ಟ್ಯಾಂಕನ್ನು ಸೇರುತ್ತದೆ. ಅಲ್ಲಿಂದ ಮರಳಿ ರೇಡಿಯೇಟರಿಗೆ ಹೋಗುತ್ತದೆ. ಕೆಳಗಿನಿಂದ ಒಳಹೋಗಿ ಮೇಲಿನಿಂದ ಹೊರಬರುವ ಈ ಏರ್ಪಾಡು ಗಾಳಿ ತಾನಾಗಿಯೇ ಟ್ಯಾಂಕಿಗೆ ಏರಲೆಂದು ಮಾಡಿದ ಏರ್ಪಾಡು.

ಟ್ಯಾಂಕಿನ ಬಾಯಿಗೆ ಪ್ರೆಷರ್ ಕ್ಯಾಪ್ ಇರುತ್ತದೆ. ಇದರಲ್ಲಿ ಎರಡು ವಾಲ್ವ್‌ಗಳಿವೆ. ಎಂಜಿನ್ ಬಿಸಿಯಾಗಿ ಒತ್ತಡ ನಿಗದಿತ ಮಿತಿ ಮೀರಿದಾಗ ಮೊದಲ ವಾಲ್ವ್ ತೆರೆದು, ಹೆಚ್ಚಿನ ದ್ರವ ಪಾರದರ್ಶಕವಾದ ಓವರ್‌ಫ್ಲೋ ಬಾಟಲಿಗೆ ಹೋಗುತ್ತದೆ. ಎಂಜಿನ್ ತಣ್ಣಗಾದಾಗ ಎರಡನೆಯ ವಾಲ್ವ್ ತೆರೆದು, ಅದೇ ದ್ರವ ಟ್ಯಾಂಕಿಗೆ ಹಿಂದಿರುಗುತ್ತದೆ. ಇದನ್ನು ಒಂದು ಚಾಲ್ತಿ ಖಾತೆಗೆ ಹೋಲಿಸಬಹುದು. ಬಿಸಿಯಲ್ಲಿ ಹೋದದ್ದು ತಂಪಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಮರಳಬೇಕು. ಮರಳದಿದ್ದರೆ ಲೆಕ್ಕದಲ್ಲಿ ಎಲ್ಲಿಯೋ ಸೋರಿಕೆಯಿದೆ ಎಂದರ್ಥ.

ಗಾಳಿ ಎಲ್ಲಿ ನಿಲ್ಲುತ್ತದೆ?

ರಚನೆ ಇಷ್ಟು ಯುಕ್ತವಾಗಿದ್ದರೂ ಗಾಳಿ ಏಕೆ ಸಿಲುಕುತ್ತದೆ ಎಂಬ ಪ್ರಶ್ನೆ ಸಹಜ. ಎಂಜಿನ್ ಒಂದೇ ಆದರೂ ಅದನ್ನು ಕೂಡಿಸುವ ವಿಮಾನಗಳು ಬೇರೆ ಬೇರೆ. ರೇಡಿಯೇಟರನ್ನು ಎಲ್ಲಿಡಬೇಕು, ಹೋಸ್‌ಗಳನ್ನು ಯಾವ ಮಾರ್ಗದಲ್ಲಿ ಎಳೆಯಬೇಕು ಎಂಬುದು ಪ್ರತಿ ವಿಮಾನದಲ್ಲಿಯೂ ಭಿನ್ನವಾಗಿರುತ್ತದೆ. ಈ ಕೆಳಗಿನ ನಾಲ್ಕು ಸ್ಥಳಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

1. ಹೋಸ್ ಮೇಲಕ್ಕೆ ಏರಿ ಮತ್ತೆ ಕೆಳಕ್ಕೆ ಇಳಿಯುವ ಕಮಾನು. ಕಮಾನಿನ ನೆತ್ತಿಯಲ್ಲಿ ಗಾಳಿ ನಿಲ್ಲುತ್ತದೆ.

2. ರೇಡಿಯೇಟರಿನ ಮೇಲಂಚು. ದ್ರವ ಒಳಬರುವ ಮತ್ತು ಹೊರಹೋಗುವ ಬಾಯಿಗಳೆರಡೂ ಕೆಳಭಾಗದಲ್ಲಿದ್ದರೆ ಮೇಲಿನ ಸಾಲುಗಳಲ್ಲಿ ಗಾಳಿ ಉಳಿಯುತ್ತದೆ.

3. ಕ್ಯಾಬಿನ್ ಬಿಸಿಮಾಡುವ ಹೀಟರಿಗೆ ಹೋಗುವ ಕವಲು. ಅದರ ವಾಲ್ವ್ ಮುಚ್ಚಿದ್ದಾಗ ದ್ರವ ತುಂಬಿದರೆ ಕವಲು ಖಾಲಿಯಾಗಿಯೇ ಉಳಿಯುತ್ತದೆ. ಮುಂದೆ ಯಾರೋ ವಾಲ್ವ್ ತೆರೆದ ದಿನ ಆ ಗಾಳಿ ಮುಖ್ಯ ಮಾರ್ಗಕ್ಕೆ ಬರುತ್ತದೆ.

4. ಥರ್ಮೋಸ್ಟಾಟ್. ಕೆಲವು ವಿಮಾನಗಳಲ್ಲಿ ಇದನ್ನು ಹೆಚ್ಚುವರಿಯಾಗಿ ಅಳವಡಿಸಿರುತ್ತಾರೆ. ತಣ್ಣಗಿರುವಾಗ ಅದು ಮುಚ್ಚಿರುವುದರಿಂದ ಹಿಂದಿನ ಗಾಳಿ ಹೊರಬರುವುದಿಲ್ಲ. ಹಲವು ಥರ್ಮೋಸ್ಟಾಟ್‌ಗಳ ತಟ್ಟೆಯಲ್ಲಿ ಗಾಳಿ ಹೋಗಲೆಂದೇ ಒಂದು ಸಣ್ಣ ರಂಧ್ರವಿರುತ್ತದೆ. ಜೋಡಿಸುವಾಗ ಆ ರಂಧ್ರ ಮೇಲ್ಮುಖವಾಗಿರಬೇಕು.

ದ್ರವವನ್ನು ಅವಸರದಿಂದ ಸುರಿಯುವುದು ಐದನೆಯ ಕಾರಣ. ಬಾಟಲಿಗೆ ಎಣ್ಣೆಯನ್ನು ಒಮ್ಮೆಗೇ ಸುರಿದರೆ ಬಾಯಲ್ಲಿಯೇ ಗಾಳಿ ಕಟ್ಟಿ ಉಕ್ಕುವಂತೆ, ಇಲ್ಲಿಯೂ ಒಳಗಿನ ಗಾಳಿಗೆ ಹೊರಬರಲು ದಾರಿ ಸಿಗದೆ, ಟ್ಯಾಂಕ್ ತುಂಬಿದಂತೆ ತೋರುತ್ತದೆ.

ಗಾಳಿಯಿಂದ ಆಗುವ ಹಾನಿ

ಗಾಳಿ ಮತ್ತು ನೀರಿನ ಶಾಖ ಹೊರುವ ಶಕ್ತಿಯನ್ನು ಹೋಲಿಸಿದರೆ ಹಾನಿಯ ಸ್ವರೂಪ ತಿಳಿಯುತ್ತದೆ. ಒಂದು ಲೀಟರು ನೀರು ಹೊತ್ತೊಯ್ಯುವ ಶಾಖವನ್ನು ಅಷ್ಟೇ ಉಷ್ಣಾಂಶದ ಏರಿಕೆಯಲ್ಲಿ ಹೊರಲು ಸಾಮಾನ್ಯ ಒತ್ತಡದ ಗಾಳಿ ಸುಮಾರು 3,500 ಲೀಟರು ಬೇಕಾಗುತ್ತದೆ. ಶಾಖವನ್ನು ತನ್ನ ಮೂಲಕ ಹಾಯಿಸುವ ಗುಣದಲ್ಲಿಯೂ ನಿಂತ ಗಾಳಿ ನೀರಿಗಿಂತ 20 ಪಟ್ಟಿಗೂ ಹೆಚ್ಚು ಹಿಂದಿದೆ. ಆದುದರಿಂದ ಹೆಡ್ಡಿನ ಒಳಗೋಡೆಯ ಒಂದು ಭಾಗಕ್ಕೆ ದ್ರವದ ಬದಲು ಗಾಳಿ ತಾಗಿದ್ದರೆ, ಆ ಭಾಗದ ಶಾಖಕ್ಕೆ ಹೊರಹೋಗುವ ದಾರಿಯೇ ಇರುವುದಿಲ್ಲ. ಅಲ್ಲಿ ಲೋಹ ಕಾಯುತ್ತದೆ, ಪಕ್ಕದ ದ್ರವ ಕುದಿದು ಆವಿಯಾಗುತ್ತದೆ. ಸಾಮಾನ್ಯ ಒತ್ತಡದಲ್ಲಿ ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಆಕ್ರಮಿಸುತ್ತದೆ. ಆ ಆವಿ ಮತ್ತಷ್ಟು ದ್ರವವನ್ನು ಬಾಟಲಿಗೆ ತಳ್ಳುತ್ತದೆ. ದ್ರವ ಕಡಿಮೆಯಾದಷ್ಟೂ ಶಾಖ ಹೆಚ್ಚು, ಶಾಖ ಹೆಚ್ಚಾದಷ್ಟೂ ದ್ರವ ಕಡಿಮೆ ಎಂಬ ವಿಷವರ್ತುಲ ಆರಂಭವಾಗುತ್ತದೆ. ಇದರ ಪರಿಣಾಮವಾಗಿ ಹೆಡ್ ಸೊಟ್ಟಗಾಗಬಹುದು, ರಬ್ಬರ್ ಸೀಲ್‌ಗಳು ಗಡುಸಾಗಬಹುದು, ಇಂಧನ ಅಕಾಲದಲ್ಲಿ ಸಿಡಿಯಬಹುದು.

ಎರಡನೆಯ ಹಾನಿ ಪಂಪಿಗೆ ಸಂಬಂಧಿಸಿದ್ದು. ತಿರುಗುವ ರೆಕ್ಕೆಯ ಪಂಪ್ ದ್ರವದ ತೂಕವನ್ನು ಹೊರಕ್ಕೆ ಎಸೆಯುವ ಮೂಲಕ ಒತ್ತಡ ಹುಟ್ಟಿಸುತ್ತದೆ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರವಾದ್ದರಿಂದ ಪಂಪಿನ ಒಡಲಲ್ಲಿ ಗಾಳಿ ಸೇರಿದೊಡನೆ ಒತ್ತಡ ಕುಸಿಯುತ್ತದೆ. ಬಾವಿಯ ಪಂಪ್‌ಸೆಟ್ಟಿನ ಕಥೆಯೇ ಇಲ್ಲಿಯೂ ನಡೆಯುತ್ತದೆ.

ಮೂರನೆಯ ಹಾನಿ ಅತ್ಯಂತ ಅಪಾಯಕಾರಿ. ಅದು ಮಾಪಕದ ಸುಳ್ಳು. ದ್ರವದ ಉಷ್ಣಾಂಶವನ್ನು ಅಳೆಯುವ ಸೆನ್ಸಾರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಅದರ ಸುತ್ತ ಗಾಳಿಯ ಗುಳ್ಳೆ ನಿಂತಿದ್ದರೆ ಹೆಡ್ ಕೆಂಡದಂತಿದ್ದರೂ ಮುಳ್ಳು ಸಹಜ ಸ್ಥಾನದಲ್ಲಿ ನಿಂತಿರಬಹುದು, ಇಲ್ಲವೇ ಕೆಳಗೇ ಇಳಿಯಬಹುದು. ಹೆಡ್ಡಿನ ಲೋಹದ ಉಷ್ಣಾಂಶವನ್ನೇ ಅಳೆಯುವ ಸೆನ್ಸಾರಿಗೆ ಈ ದೋಷ ಕಡಿಮೆ. ಆದರೆ ಅದು ತಾನಿರುವ ಹೆಡ್ಡಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ನಾಲ್ಕರಲ್ಲಿ ಇನ್ನೊಂದು ಹೆಡ್ಡಿನಲ್ಲಿ ಗಾಳಿ ನಿಂತಿದ್ದರೆ ಅದಕ್ಕೆ ತಿಳಿಯದು. ‘ಮೀಟರ್ ಸರಿಯಾಗಿ ತೋರಿಸುತ್ತಿದೆ, ಆದ್ದರಿಂದ ಕೆಲಸ ಸರಿಯಾಗಿದೆ’ ಎಂಬ ತೀರ್ಮಾನ ಈ ಕಾರಣದಿಂದಲೇ ಸಲ್ಲದು.

ಒತ್ತಡ, ಎತ್ತರ ಮತ್ತು ಕ್ಯಾಪ್

ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಸುಮಾರಿಗೂ, 10,000 ಅಡಿ ಎತ್ತರದಲ್ಲಿ 90 ಡಿಗ್ರಿಯ ಸುಮಾರಿಗೂ ಕುದಿಯುತ್ತದೆ.

ಇದಕ್ಕೆ ಪರಿಹಾರವೇ ಪ್ರೆಷರ್ ಕ್ಯಾಪ್. ಈಚಿನ ರೋಟ್ಯಾಕ್ಸ್ ಎಂಜಿನ್‌ಗಳಲ್ಲಿ 1.2 ಬಾರ್ ಒತ್ತಡದಲ್ಲಿ ತೆರೆಯುವ ಕ್ಯಾಪ್ ಬಳಕೆಯಲ್ಲಿದೆ, ಹಳೆಯವುಗಳಲ್ಲಿ 0.9 ಬಾರ್‌ನ ಕ್ಯಾಪ್ ಇತ್ತು. 1.2 ಬಾರ್‌ನ ಕ್ಯಾಪ್ ಸರಿಯಾಗಿ ಕೆಲಸ ಮಾಡಿದರೆ 10,000 ಅಡಿಯಲ್ಲಿಯೂ ಶುದ್ಧ ನೀರಿನ ಕುದಿಬಿಂದು 119 ಡಿಗ್ರಿಯ ಸುಮಾರಿಗೆ ಇರುತ್ತದೆ. ಗ್ಲೈಕಾಲ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲೆ. ಕ್ಯಾಪಿನ ರಬ್ಬರ್ ತಟ್ಟೆ ಬಿರುಕು ಬಿಟ್ಟಿದ್ದರೆ ಈ 29 ಡಿಗ್ರಿಗಳ ರಕ್ಷಣೆ ಪೂರ್ತಿಯಾಗಿ ಇಲ್ಲವಾಗುತ್ತದೆ. ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಬಿಡಿಭಾಗಗಳಲ್ಲಿ ಒಂದಾದ ಕ್ಯಾಪನ್ನು ಉಳಿತಾಯದ ದೃಷ್ಟಿಯಿಂದ ಮುಂದುವರಿಸುವುದು ಎಷ್ಟು ದುಬಾರಿಯೆಂಬುದನ್ನು ಓದುಗರೇ ಊಹಿಸಬಹುದು.

ಸಿಲುಕಿದ ಗಾಳಿಯೂ ಎತ್ತರಕ್ಕೆ ತಕ್ಕಂತೆ ಹಿಗ್ಗುತ್ತದೆ. ಕ್ಯಾಪ್ ಒತ್ತಡ ಹಿಡಿಯದಿದ್ದಲ್ಲಿ, ಸಮುದ್ರ ಮಟ್ಟದ 100 ಮಿಲಿಲೀಟರಿನ ಗುಳ್ಳೆ 10,000 ಅಡಿಯಲ್ಲಿ ಉಷ್ಣಾಂಶ ಬದಲಾಗದಿದ್ದರೂ ಸುಮಾರು 145 ಮಿಲಿಲೀಟರ್ ಆಗುತ್ತದೆ. ನೆಲದ ಮೇಲೆ ಕಮಾನಿನ ನೆತ್ತಿಯಲ್ಲಿ ಸುಮ್ಮನೆ ಕುಳಿತಿದ್ದ ಗುಳ್ಳೆ ಮೇಲೆ ಹೋದಾಗ ದಾರಿಯನ್ನೇ ಅಡ್ಡಗಟ್ಟಬಹುದು. ನೆಲದ ಪರೀಕ್ಷೆಯಲ್ಲಿ ತೇರ್ಗಡೆಯಾದ ಎಂಜಿನ್ ಹಾರಾಟದಲ್ಲಿ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಗಾಳಿ ತೆಗೆಯುವ ಕ್ರಮ

ಈ ಕೆಳಗಿನದು ತತ್ತ್ವವನ್ನು ತಿಳಿಸುವ ಪಾಠ ಮಾತ್ರ. ಪ್ರತ್ಯಕ್ಷ ಕೆಲಸದಲ್ಲಿ ಎಂಜಿನ್ ಮತ್ತು ವಿಮಾನ ತಯಾರಕರ ಚಾಲ್ತಿಯಲ್ಲಿರುವ ಕೈಪಿಡಿಯೇ ಪ್ರಮಾಣ. ಪ್ರಮಾಣೀಕೃತ ವಿಮಾನದಲ್ಲಿ ಕೆಲಸವನ್ನು ದೃಢೀಕರಿಸಿ ಸಹಿ ಮಾಡುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದವರಿಗೆ ಮಾತ್ರ ಇರುತ್ತದೆ.

1. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಎಂಜಿನ್ನಿನ ಕ್ಯಾಪನ್ನು ಎಂದಿಗೂ ತೆರೆಯಬಾರದು. ಒತ್ತಡ ಇಳಿದೊಡನೆ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇಗ್ನಿಷನ್ ಸ್ವಿಚ್‌ಗಳನ್ನು ಆರಿಸಿ, ಕೀ ತೆಗೆದು, ಚಕ್ರಗಳಿಗೆ ಅಡ್ಡಿಯಿಡಬೇಕು.

2. ಹಳೆಯ ದ್ರವವನ್ನು ಅತ್ಯಂತ ಕೆಳಗಿನ ಸ್ಥಳದಿಂದ ಸ್ವಚ್ಛವಾದ ಪಾತ್ರೆಗೆ ಇಳಿಸಬೇಕು. ಓವರ್‌ಫ್ಲೋ ಬಾಟಲಿಯನ್ನೂ ಖಾಲಿ ಮಾಡಿ, ಒಟ್ಟು ಎಷ್ಟು ಬಂದಿತೆಂದು ಅಳತೆಯ ಪಾತ್ರೆಯಲ್ಲಿ ಅಳೆದು ಬರೆದಿಡಬೇಕು. ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ನಾಯಿ, ಬೆಕ್ಕು ನೆಕ್ಕುವ ಸಂಭವವಿದೆ. ಅದನ್ನು ಚರಂಡಿಗೆ ಬಿಡಕೂಡದು.

3. ಕೈಪಿಡಿ ಒಪ್ಪಿದ ಕೂಲೆಂಟನ್ನೇ ಬಳಸಬೇಕು. ಮಿಶ್ರಣ ಮಾಡುವ ಜಾತಿಯದಾದರೆ ಸಮಪ್ರಮಾಣದಲ್ಲಿ, ಅಥವಾ ಕೈಪಿಡಿ ಹೇಳಿದ ಪ್ರಮಾಣದಲ್ಲಿ, ಖನಿಜರಹಿತ ನೀರಿನೊಡನೆ ಹೊರಗಡೆಯೇ ಬೆರೆಸಿಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರು ಒಳಗೋಡೆಯಲ್ಲಿ ಹಿಟ್ಟು ಕಟ್ಟುತ್ತದೆ. ನೀರೇ ಇಲ್ಲದ ಕೂಲೆಂಟ್ ಬಳಸುವ ವಿಮಾನದಲ್ಲಿ ನೀರಿನ ಅಂಶ ಉಳಿಯಕೂಡದು; ಎರಡು ಜಾತಿಗಳನ್ನು ಬೆರೆಸಲೇಬಾರದು.

4. ಕ್ಯಾಬಿನ್ ಹೀಟರಿನ ವಾಲ್ವ್ ಇದ್ದರೆ ಅದನ್ನು ಪೂರ್ತಿ ತೆರೆಯಬೇಕು.

5. ವಿಮಾನದ ನಿಲುವನ್ನು ಪರಿಶೀಲಿಸಬೇಕು. ತುಂಬುವ ಬಾಯಿ ಇಡೀ ವ್ಯವಸ್ಥೆಯ ಅತ್ಯುನ್ನತ ಬಿಂದುವಾಗಿರಬೇಕು. ಮೂಗಿನ ಚಕ್ರವಿರುವ ವಿಮಾನ ನೆಲದ ಮೇಲೆ ಹೆಚ್ಚುಕಡಿಮೆ ಸಮತಲವಾಗಿ ನಿಲ್ಲುತ್ತದೆ. ಬಾಲದ ಚಕ್ರವಿರುವ ವಿಮಾನ ಮೂಗೆತ್ತಿ ನಿಲ್ಲುತ್ತದೆ. ಎರಡರಲ್ಲಿ ಗಾಳಿ ನಿಲ್ಲುವ ಸ್ಥಳಗಳು ಬೇರೆ. ಕೈಪಿಡಿಯಲ್ಲಿ ಹೇಳಿದ್ದರೆ ಮೂಗನ್ನಾಗಲಿ ಬಾಲವನ್ನಾಗಲಿ ಸೂಕ್ತ ಆಧಾರದ ಮೇಲೆ ಎತ್ತಬೇಕು.

6. ದ್ರವವನ್ನು ಸಣ್ಣ ಧಾರೆಯಾಗಿ, ನಿಲ್ಲಿಸಿ ನಿಲ್ಲಿಸಿ ಸುರಿಯಬೇಕು. ಮಧ್ಯೆ ಹೋಸ್‌ಗಳನ್ನು ಕೈಯಿಂದ ಮೆಲ್ಲನೆ ಹಿಸುಕಿ ಬಿಡಬೇಕು. ಟ್ಯಾಂಕಿನಲ್ಲಿ ಗುಳ್ಳೆಗಳೇಳುವುದು ನಿಲ್ಲುವವರೆಗೆ ಇದನ್ನು ಮುಂದುವರಿಸಬೇಕು.

7. ರೇಡಿಯೇಟರಿನಲ್ಲಿ ಅಥವಾ ಹೋಸ್‌ನ ಎತ್ತರದ ಸ್ಥಳದಲ್ಲಿ ಬ್ಲೀಡ್ ಸ್ಕ್ರೂ ಇದ್ದರೆ, ಕೆಳಗಿನದರಿಂದ ಆರಂಭಿಸಿ ಮೇಲಿನದರವರೆಗೆ ಒಂದೊಂದನ್ನೇ ಸಡಿಲಿಸಬೇಕು. ಟ್ರ್ಯಾಕ್ಟರಿನ ಡೀಸೆಲ್ ಲೈನಿನಲ್ಲಿ ಏರ್ ತೆಗೆಯುವಾಗ ಮಾಡುವಂತೆಯೇ, ನೊರೆಯಿಲ್ಲದ ಅಖಂಡ ಧಾರೆ ಬಂದ ಮೇಲೆ ಬಿಗಿಯಬೇಕು. ಹೀಗೆ ಹೊರಬಿದ್ದ ದ್ರವವನ್ನೂ ಅಳೆದು ಲೆಕ್ಕಕ್ಕೆ ಸೇರಿಸಬೇಕು.

8. ಬಾಟಲಿಯನ್ನು ಗುರುತಿನವರೆಗೆ ತುಂಬಿ, ಕ್ಯಾಪ್ ಹಾಕಿ, ಕೈಪಿಡಿಯ ಪ್ರಕಾರ ಎಂಜಿನ್ ಚಾಲನೆ ಮಾಡಿ ಬೆಚ್ಚಗಾಗಿಸಬೇಕು. ಪ್ರೊಪೆಲರ್ ತಿರುಗುತ್ತಿರುವಾಗ ಯಾರೂ ಹೋಸ್ ಮುಟ್ಟಲು ಹೋಗಕೂಡದು. ಎಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಈ ತಣ್ಣಗಾಗುವ ಹೊತ್ತೇ ಗಾಳಿ ತೆಗೆಯುವ ಮುಖ್ಯ ಹೊತ್ತು; ಬಿಸಿಯಲ್ಲಿ ಬಾಟಲಿಯ ಮೂಲಕ ಹೊರಹೋದ ಗಾಳಿಯ ಜಾಗಕ್ಕೆ ತಂಪಿನಲ್ಲಿ ದ್ರವ ಬರುತ್ತದೆ.

9. ಕ್ಯಾಪ್ ತೆರೆದು ಟ್ಯಾಂಕ್ ಕಂಠದವರೆಗೆ ತುಂಬಿದೆಯೇ ನೋಡಿ, ಟ್ಯಾಂಕ್ ಮತ್ತು ಬಾಟಲಿಗೆ ಬೇಕಾದಷ್ಟನ್ನು ಅಳೆದು ಹಾಕಿ, ಬರೆದಿಡಬೇಕು. ಏನನ್ನೂ ಹಾಕಬೇಕಾದ ಅಗತ್ಯ ಬೀಳದಂತಾಗುವವರೆಗೆ 8 ಮತ್ತು 9ನೆಯ ಹಂತಗಳನ್ನು ಪುನರಾವರ್ತಿಸಬೇಕು.

ವ್ಯವಸ್ಥೆಯ ಗಾಳಿಯನ್ನು ಮೊದಲೇ ನಿರ್ವಾತ ಪಂಪಿನಿಂದ ಹೀರಿ, ಅನಂತರ ದ್ರವವನ್ನು ಒಳಗೆಳೆಸುವ ಉಪಕರಣಗಳೂ ದೊರೆಯುತ್ತವೆ. ಕೆಲಸ ಚುರುಕಾಗುತ್ತದೆ. ಆದರೆ ನಿರ್ವಾತದಲ್ಲಿ ಮೆದುವಾದ ಹೋಸ್ ಚಪ್ಪಟೆಯಾಗುವುದುಂಟು. ತಯಾರಕರ ಅನುಮತಿ ಇಲ್ಲದೆ ಈ ವಿಧಾನವನ್ನು ಬಳಸತಕ್ಕದ್ದಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯ. ರೋಟ್ಯಾಕ್ಸ್ ಎಂಜಿನ್ನಿನಲ್ಲಿ ಹಾರಾಟಕ್ಕೆ ಮುನ್ನ ಪ್ರೊಪೆಲರನ್ನು ಕೈಯಿಂದ ತಿರುಗಿಸಿ ತೊಟ್ಟಿಯಲ್ಲಿ ‘ಗುಳುಗುಳು’ ಸದ್ದು ಕೇಳುವ ವಾಡಿಕೆಯಿದೆ. ಅದು ಎಂಜಿನ್ ಆಯಿಲನ್ನು ಅದರ ತೊಟ್ಟಿಗೆ ಮರಳಿಸಿ ಮಟ್ಟ ನೋಡುವ ಕ್ರಮವೇ ಹೊರತು ಕೂಲೆಂಟಿನ ಗಾಳಿ ತೆಗೆಯುವ ಕ್ರಮವಲ್ಲ. ಪ್ರೊಪೆಲರನ್ನು ಹಿಮ್ಮುಖವಾಗಿ ತಿರುಗಿಸಿದರೆ ಆಯಿಲ್ ಮಾರ್ಗಕ್ಕೇ ಗಾಳಿ ಸೇರುವ ಅಪಾಯವಿದೆ.

ಲೀಟರಿನ ಜಮಾ-ಖರ್ಚು

ಮೇಲಿನ ಕ್ರಮದಲ್ಲಿ ಪದೇ ಪದೇ ‘ಅಳೆದು ಬರೆದಿಡಬೇಕು’ ಎಂದು ಹೇಳಿರುವುದನ್ನು ಓದುಗರು ಗಮನಿಸಿರಬಹುದು. ವ್ಯಾಪಾರಸ್ಥರಿಗೆ ಜಮಾ-ಖರ್ಚಿನ ಪಾಠ ಹೇಳಬೇಕಾಗಿಲ್ಲ. ಹೊರಬಂದ ದ್ರವ ಒಂದು ಕಡೆ, ಒಳಹೋದ ದ್ರವ ಇನ್ನೊಂದು ಕಡೆ. ವ್ಯತ್ಯಾಸವೇ ಗಾಳಿ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಬಾಟಲಿಯೂ ಸೇರಿ 2,600 ಮಿಲಿಲೀಟರ್ ದ್ರವ ಹೊರಬಂದಿದೆ ಎಂದಿಟ್ಟುಕೊಳ್ಳೋಣ. ಮೊದಲ ಬಾರಿ 2,200 ಹಾಕುವಷ್ಟರಲ್ಲಿ ಟ್ಯಾಂಕ್ ಮತ್ತು ಬಾಟಲಿ ತುಂಬಿದವು. ಕಣ್ಣಿಗೆ ಕೆಲಸ ಮುಗಿದಿದೆ. ಪುಸ್ತಕದಲ್ಲಿ 400 ಬಾಕಿಯಿದೆ. ಮೊದಲ ಚಾಲನೆಯ ನಂತರ ತಣ್ಣಗಾದ ಮೇಲೆ 260 ಹಿಡಿಯಿತು. ಎರಡನೆಯ ಬಾರಿ 100, ಮೂರನೆಯ ಬಾರಿ 30. ಒಟ್ಟು 2,590. ಉಳಿದ 10 ಮಿಲಿಲೀಟರ್ ಪಾತ್ರೆಗೆ, ಬಟ್ಟೆಗೆ ಅಂಟಿದ್ದು. ನಾಲ್ಕನೆಯ ಬಾರಿ ಏನೂ ಬೇಡವಾಯಿತು. ಈಗ ಖಾತೆ ಸರಿಹೊಂದಿದೆ, ಸಹಿ ಮಾಡಬಹುದು.

ಮೊದಲ ಭರ್ತಿಯ ನಂತರವೇ ಸಹಿ ಬಿದ್ದಿದ್ದರೆ 400 ಮಿಲಿಲೀಟರ್ ಗಾಳಿಯೊಡನೆ ವಿಮಾನ ಹೊರಡುತ್ತಿತ್ತು. ಅಂದು ಮಾಪಕ ಏನು ತೋರಿಸುತ್ತಿತ್ತೋ ಹೇಳಲಾಗದು. ಆದರೆ ಪುಸ್ತಕ ಖಂಡಿತ ಹೇಳುತ್ತಿತ್ತು. ತರಬೇತಿ ವಿಮಾನದಲ್ಲಿ ಒಬ್ಬನೇ ಹಾರುವ ವಿದ್ಯಾರ್ಥಿಗೆ ಎಂಜಿನ್ ಬಿಸಿಯ ಸೂಚನೆಗಳನ್ನು ಗ್ರಹಿಸುವ ಅನುಭವ ಇರುವುದಿಲ್ಲ. ಅವನ ಪರವಾಗಿ ಆ ಎಚ್ಚರವನ್ನು ವಹಿಸಬೇಕಾದವನು ಹ್ಯಾಂಗರಿನಲ್ಲಿ ಅಳತೆಯ ಪಾತ್ರೆ ಹಿಡಿದ ತಂತ್ರಜ್ಞ.

ಈ ಲೆಕ್ಕಕ್ಕೆ ಒಂದು ಮಿತಿಯಿದೆ. ದ್ರವ ಇಳಿಸುವ ಮೊದಲೇ ಒಳಗೆ ಗಾಳಿಯಿದ್ದರೆ ಹೊರಬಂದ ಪ್ರಮಾಣವೇ ಕಡಿಮೆ ಇರುತ್ತದೆ. ಆಗ ಖಾತೆ ಸರಿಹೊಂದಿದಂತೆ ಕಂಡರೂ ಸರಿಯಿರುವುದಿಲ್ಲ. ಆದುದರಿಂದ ಎಂಜಿನ್ನನ್ನು ಮೊದಲ ಸಲ ಕೂಡಿಸಿ ಒಣ ಸ್ಥಿತಿಯಿಂದ ತುಂಬಿದಾಗ ಹಿಡಿದ ಒಟ್ಟು ಪ್ರಮಾಣವನ್ನು ಆ ವಿಮಾನದ ಆರಂಭ ಶಿಲ್ಕಾಗಿ ದಾಖಲಿಸಿಡುವುದು ಉತ್ತಮ. ಹೋಸ್ ಅಥವಾ ರೇಡಿಯೇಟರ್ ಬದಲಿಸಿದಾಗ ಈ ಶಿಲ್ಕನ್ನು ಹೊಸದಾಗಿ ಬರೆಯಬೇಕು.

ಗಾಳಿ ಮತ್ತೆ ಮತ್ತೆ ಬಂದರೆ

ನಾಲ್ಕೈದು ಆವರ್ತನಗಳ ನಂತರವೂ ಟ್ಯಾಂಕ್ ದ್ರವ ಕೇಳುತ್ತಲೇ ಇದ್ದರೆ, ಅದು ಸಿಲುಕಿದ ಗಾಳಿಯಲ್ಲ. ಹೊಸದಾಗಿ ಬರುತ್ತಿರುವ ಗಾಳಿ ಅಥವಾ ಹೊರಹೋಗುತ್ತಿರುವ ದ್ರವ. ಬಾಟಲಿಯ ಮಟ್ಟ ಇಲ್ಲಿ ಉತ್ತಮ ಸಾಕ್ಷಿ. ನೀರು 20 ಡಿಗ್ರಿಯಿಂದ 100 ಡಿಗ್ರಿಗೆ ಕಾದಾಗ ಶೇಕಡಾ 4ರಷ್ಟು ಹಿಗ್ಗುತ್ತದೆ. ಗ್ಲೈಕಾಲ್ ಮಿಶ್ರಣ ಅದಕ್ಕಿಂತ ಸ್ವಲ್ಪ ಹೆಚ್ಚು. ಎರಡೂವರೆ ಲೀಟರಿನ ವ್ಯವಸ್ಥೆಯಲ್ಲಿ ಇದು 100 ಮಿಲಿಲೀಟರಿಗೆ ತುಸು ಮೇಲೆ. ಇದನ್ನು ನೆನಪಿನಲ್ಲಿಟ್ಟು ಕೆಳಗಿನಂತೆ ಪರೀಕ್ಷಿಸಬೇಕು.

ಬಿಸಿಯಲ್ಲಿ ಬಾಟಲಿಯ ಮಟ್ಟ ಇದಕ್ಕಿಂತ ಬಹಳ ಹೆಚ್ಚು ಏರಿದರೆ ಒಳಗೆ ಇನ್ನೂ ಗಾಳಿಯಿದೆ, ಇಲ್ಲವೇ ಎಲ್ಲಿಯೋ ದ್ರವ ಕುದಿಯುತ್ತಿದೆ.

ಏರಿದ ಮಟ್ಟ ತಂಪಿನಲ್ಲಿ ಇಳಿಯದೆ ನಿಂತು, ಟ್ಯಾಂಕಿನಲ್ಲಿ ಮಾತ್ರ ದ್ರವ ಕಡಿಮೆಯಿದ್ದರೆ, ದ್ರವಕ್ಕೆ ಬದಲಾಗಿ ಗಾಳಿ ಒಳಬರುತ್ತಿದೆ. ಕ್ಯಾಪಿನ ಹಿಂಹರಿವಿನ ವಾಲ್ವ್, ಅದರ ರಬ್ಬರ್ ತಟ್ಟೆ, ಬಾಟಲಿಗೆ ಹೋಗುವ ಕೊಳವೆ ಮತ್ತು ಪಂಪಿನ ಒಳಬಾಯಿಯ ಹೋಸ್ ಕ್ಲಾಂಪ್‌ಗಳನ್ನು ನೋಡಬೇಕು. ಒಳಬಾಯಿಯ ಕಡೆ ಒತ್ತಡ ಕಡಿಮೆ ಇರುವುದರಿಂದ ಅಲ್ಲಿ ದ್ರವ ಸೋರದೆಯೂ ಗಾಳಿ ಒಳಬರಬಲ್ಲದು.

ಎರಡೂ ಕಡೆ ದ್ರವ ಕಡಿಮೆಯಾಗುತ್ತಿದ್ದರೆ ಅದು ಹೊರಕ್ಕೆ ಸೋರುತ್ತಿದೆ. ಪಂಪಿನ ಸೀಲ್ ಸವೆದರೆ ಅದರ ಕೆಳಗಿರುವ ಸೋರು ರಂಧ್ರದಿಂದ ಹನಿ ಕಾಣುತ್ತದೆ. ಆ ರಂಧ್ರವನ್ನು ಮುಚ್ಚುವುದು ಪರಿಹಾರವಲ್ಲ. ಅದು ಇರುವುದೇ ಎಚ್ಚರಿಕೆ ನೀಡಲು.

ನಮ್ಮ ಉದ್ಯಮಗಳಿಗೆ ಅನ್ವಯ

ವಿಮಾನದ ಉದಾಹರಣೆಯ ಮೂಲಕ ಹೇಳಿದ ಈ ತತ್ತ್ವ ಡೀಸೆಲ್ ಜನರೇಟರ್, ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರದ ತಂಪುನೀರಿನ ಮಾರ್ಗ, ಇಂಡಕ್ಷನ್ ಕುಲುಮೆಯ ಸುರುಳಿ, ಸಿಎನ್‌ಸಿ ಯಂತ್ರದ ಚಿಲ್ಲರ್ ಇವೆಲ್ಲಕ್ಕೂ ಅನ್ವಯಿಸುತ್ತದೆ. ಇವುಗಳಲ್ಲಿ ಕೂಲೆಂಟ್ ಬದಲಾಯಿಸಿದಾಗ ‘ಟ್ಯಾಂಕ್ ತುಂಬಿದೆ’ ಎಂಬ ಮಾತಿನಲ್ಲಿಯೇ ಕೆಲಸ ಮುಗಿಯುವುದು ಸಾಮಾನ್ಯ. ಹೊಸ ಉಪಕರಣ ಕೊಳ್ಳದೆ ಮಾಡಬಹುದಾದ ಸುಧಾರಣೆಗಳು ಮೂರು: ಅಳತೆಯ ಪಾತ್ರೆ ಇರಿಸುವುದು, ಯಂತ್ರವಾರು ಆರಂಭ ಶಿಲ್ಕು ಬರೆದಿಡುವುದು, ತಣ್ಣಗಾದ ಮೇಲೆ ಮಟ್ಟ ನೋಡದೆ ಯಂತ್ರವನ್ನು ಪೂರ್ಣ ಭಾರಕ್ಕೆ ಹಾಕದಿರುವುದು.

ಕಾರ್ಖಾನೆಯ ಮಾಲೀಕರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಎಂಜಿನ್ ತಣ್ಣಗಾಗುವವರೆಗೆ ತಂತ್ರಜ್ಞ ಕೈಕಟ್ಟಿ ಕುಳಿತಂತೆ ಕಾಣುತ್ತಾನೆ. ‘ಏಕೆ ತಡ?’ ಎಂದು ಅವನನ್ನು ಅವಸರಪಡಿಸಿದರೆ ಅವನು ಎರಡನೆಯ, ಮೂರನೆಯ ಆವರ್ತನವನ್ನು ಬಿಟ್ಟುಬಿಡುತ್ತಾನೆ. ಕಾಯುವ ಹೊತ್ತನ್ನು ಕೆಲಸದ ಹೊತ್ತೆಂದೇ ಅಂದಾಜುಪಟ್ಟಿಯಲ್ಲಿ ಸೇರಿಸಿ ದರ ಹೇಳುವುದು ಗ್ರಾಹಕನಿಗೂ ಹಿತ, ಸಂಸ್ಥೆಗೂ ಹಿತ.

ಸಾರಾಂಶ

ಗಾಳಿ ಹಗುರ, ಮೇಲೇರುತ್ತದೆ. ಅದಕ್ಕೆ ದಾರಿ ಮಾಡಿಕೊಡಬೇಕು. ಗಾಳಿ ಕಾಣುವುದಿಲ್ಲ, ಮಾಪಕವನ್ನೂ ವಂಚಿಸಬಲ್ಲದು. ಅದನ್ನು ಲೀಟರಿನ ಲೆಕ್ಕದಲ್ಲಿ ಹಿಡಿಯಬೇಕು. ಗಾಳಿ ಒಂದೇ ಸಲಕ್ಕೆ ಹೋಗುವುದಿಲ್ಲ. ಬಿಸಿ ಮತ್ತು ತಂಪಿನ ಆವರ್ತನಗಳಿಗೆ ಸಮಯ ಕೊಡಬೇಕು. ತಣ್ಣಗಿರುವ ಎಂಜಿನ್ನಿನ ಟ್ಯಾಂಕ್ ಕಂಠದವರೆಗೆ ತುಂಬಿದ್ದು, ಬಾಟಲಿ ಗುರುತಿನಲ್ಲಿದ್ದು, ಪುಸ್ತಕದ ಎರಡು ಬದಿಗಳೂ ಸರಿಹೊಂದಿದ ಮೇಲೆಯೇ ಕೆಲಸ ಪೂರ್ಣವಾಯಿತೆಂದು ತಿಳಿಯತಕ್ಕದ್ದು.